ಟಿಣ್ ಎಲ್ಲಿ ಹೋಯಿತು?

“ಮತ್ತೆ ಸತ್ತಿತು ನೋಡೇ ನಿನ್ನ ಕೋಳಿ!”

ಅಮ್ಮ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. “ಬೆಕ್ಕು ಬಂದಾಗ ಢುಮ್ ಅನ್ನುತ್ತೆ, ಅದು ಸರಿ. ಇನ್ನೊಂದು ಟಿಣ್ ಅಂತೀಯಲ್ಲ, ಅದು ಬರೋದೇ ಇಲ್ಲ.”

ಇದು ಐದನೇ ಸಲ. ಪಿಟೀಲು ಹಣೆ ಚಚ್ಚಿಕೊಂಡಳು.

ಅವಳ ನಿಜವಾದ ಹೆಸರು ಬೇರೆಯೇ ಇದೆ. ಒಂದು ಮಾತು ಹಿಡಿದರೆ ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಕುಯ್ಯುತ್ತಾಳೆಂದು ಅಪ್ಪ ಇಟ್ಟ ಹೆಸರು ಪಿಟೀಲು. ಈಗ ಶಾಲೆಯ ಹಾಜರಿ ಪುಸ್ತಕ ಒಂದನ್ನು ಬಿಟ್ಟರೆ ಎಲ್ಲ ಕಡೆಯೂ ಅದೇ ಹೆಸರು.

ಮೂರು ವಾರ ಕೂತು ಅವಳು ಮಾಡಿದ ಗೇಮ್ ‘ಕತ್ತಲ ಕೋಳಿ’. ಪರದೆ ಪೂರ್ತಿ ಕಪ್ಪು. ಕೋಳಿಯ ಎರಡು ಕಣ್ಣು ಮಾತ್ರ ಮಿಟುಕುತ್ತವೆ. ಮುಂದೆ ಕಾಳು ಇದ್ದರೆ ‘ಟಿಣ್’ ಎಂಬ ಸದ್ದು ಬರುತ್ತದೆ. ಆಗ ಬಟನ್ ಒತ್ತಿ ಮುಂದೆ ಹೋಗಬೇಕು. ಬೆಕ್ಕು ಇದ್ದರೆ ‘ಢುಮ್’. ಆಗ ಅಲ್ಲಾಡಬಾರದು. ಮೂರು ಸಲ ಕಾಳು ತಪ್ಪಿಸಿಕೊಂಡರೆ ಕೋಳಿ ಹಸಿವಿನಿಂದ ಕಾಲು ಮೇಲೆ ಮಾಡಿ ಮಲಗುತ್ತದೆ. ಕಿವಿಯನ್ನೇ ಕಣ್ಣು ಮಾಡಿಕೊಂಡು ಆಡುವ ಆಟ.

ನಾಳೆ ಮಧ್ಯಾಹ್ನ ಮಕ್ಕಳ ಗೇಮ್‌ಗಳನ್ನು ಅವರ ಮನೆಯವರೇ ಶಾಲೆಗೆ ಬಂದು ಆಡಬೇಕು. ಮಕ್ಕಳು ಪಕ್ಕದಲ್ಲಿ ನಿಂತಿರಬಹುದು, ಆದರೆ ಮನೆಯವರಿಗೆ ಏನೂ ಹೇಳಿಕೊಡುವಂತಿಲ್ಲ. ಅದಕ್ಕೆಂದೇ ಅಮ್ಮ ಹನ್ನೊಂದು ವರ್ಷದಲ್ಲಿ ಮೊದಲ ಸಲ ತನ್ನ ಹಿಟ್ಟಿನ ಗಿರಣಿಗೆ ಅರ್ಧ ದಿನ ಬೀಗ ಹಾಕುವವಳಿದ್ದಳು. ಎಲ್ಲರ ಎದುರು ಕೋಳಿ ಸತ್ತರೆ ಗತಿ ಏನು?

“ಏಳಮ್ಮ, ನಾನು ನೋಡ್ತೀನಿ.” ಪಿಟೀಲು ಹೆಡ್‌ಫೋನ್ ಹಾಕಿಕೊಂಡಳು. ಆ ಹಳೇ ಲ್ಯಾಪ್‌ಟಾಪ್‌ನ ಸ್ಪೀಕರ್ ಯಾವತ್ತೋ ಕೆಟ್ಟುಹೋಗಿತ್ತು. ಹೆಡ್‌ಫೋನ್ ಇದ್ದವರಿಗಷ್ಟೇ ಸದ್ದು.

ಟಿಣ್. ಕೋಳಿ ಮುಂದೆ ಹೋಯಿತು. ಟಿಣ್. ಮತ್ತೆ ಮುಂದೆ.

“ಬಂತಲ್ಲಮ್ಮ!”

“ನಿನಗೆ ಬರುತ್ತೆ, ನನಗೆ ಬರಲ್ಲ. ನಿನ್ನ ಕೋಳಿಗೆ ನನ್ನ ಕಂಡರೆ ಆಗಲ್ಲ ಅನ್ಸುತ್ತೆ.”

ಪಿಟೀಲುವಿಗೆ ನಗು ಬರಲಿಲ್ಲ. ನಿನ್ನೆಯೂ ಈ ಟಿಣ್ ಕೈಕೊಟ್ಟಿತ್ತು. ಸದ್ದಿನ ಫೈಲ್‌ಗೆ ಇಂಗ್ಲಿಷ್ ಅಕ್ಷರದಲ್ಲಿ ‘ಕಾಳು’ ಎಂದು ಹೆಸರಿಡುವಾಗ ಎರಡು ‘ಎ’ ಹಾಕಿದ್ದಳು, ಪ್ರೋಗ್ರಾಂನಲ್ಲಿ ಒಂದೇ ‘ಎ’ ಹಾಕಿದ್ದಳು. ಪಾಪ, ಕಂಪ್ಯೂಟರ್ ‘ಕಳು’ ಎಂಬ ಫೈಲ್ ಹುಡುಕಿ ಹುಡುಕಿ ಸಿಗದೆ ಸುಮ್ಮನಾಗಿತ್ತು. ಆಗ ಕಂಪ್ಯೂಟರ್ ಮೇಡಂ ಹೇಳಿದ್ದರು: “ತಪ್ಪು ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಾಯಿಸು. ನಾಲ್ಕು ಕಡೆ ಒಟ್ಟಿಗೆ ಕೈಹಾಕಿದರೆ ಕಳ್ಳ ಯಾರು ಅಂತ ಗೊತ್ತಾಗಲ್ಲ.”

ಸರಿ, ಒಂದೊಂದಾಗಿ ನೋಡೋಣ ಎಂದುಕೊಂಡಳು. ಹೆಸರು ನೋಡಿದಳು, ಎರಡೂ ಕಡೆ ಎರಡೆರಡು ‘ಎ’. ವಾಲ್ಯೂಮ್ ಪೂರ್ತಿ ಏರಿಸಿದಳು. ಅಮ್ಮ ಆಡಿದಳು, ಕೋಳಿ ಸತ್ತಿತು. ವೈರ್ ಲೂಸ್ ಇರಬಹುದೆಂದು ಅದನ್ನು ಬೆರಳಲ್ಲಿ ಒತ್ತಿ ಹಿಡಿದಳು. ಸತ್ತಿತು. ಹೆಡ್‌ಫೋನ್ ಹಿಂದುಮುಂದಾಗಿ ಹಾಕಿಸಿದಳು. ಆಗಲೂ ಸತ್ತಿತು.

“ಬೇಕು ಅಂತ ಮಾಡ್ತಿದ್ದೀಯಾ ನೀನು!”

“ಅಯ್ಯೋ ಮಾರಾಯ್ತಿ, ನಿನ್ನ ಕೋಳಿ ಕೊಂದು ನನಗೇನು ಸಿಗುತ್ತೆ?”

ಪಿಟೀಲು ಸ್ಟೂಲ್ ಎಳೆದುಕೊಂಡು ಅಮ್ಮನ ಪಕ್ಕ ಕೂತಳು. ಹೆಡ್‌ಫೋನನ್ನು ಅಗಲಿಸಿ ಒಂದು ಬದಿಯನ್ನು ಅಮ್ಮನ ಕಿವಿಗೂ ಇನ್ನೊಂದನ್ನು ತನ್ನ ಕಿವಿಗೂ ಇಟ್ಟುಕೊಂಡಳು. ಕೆನ್ನೆಗೆ ಕೆನ್ನೆ ತಾಗಿತು. ಅಮ್ಮನ ಕೂದಲಲ್ಲಿ ಗೋಧಿ ಹಿಟ್ಟಿನ ವಾಸನೆ. ಆಟ ಆಡದೆ ಸದ್ದನ್ನಷ್ಟೇ ಕೇಳಿ ನೋಡಲು ಪ್ರೋಗ್ರಾಂನಲ್ಲಿ ಒಂದು ಬಟನ್ ಇತ್ತು.

ಬಟನ್ ಒತ್ತಿದಳು.

ಟಿಣ್.

“ಒತ್ತು, ಯಾಕೆ ಸುಮ್ನೆ ಕೂತೆ?” ಎಂದಳು ಅಮ್ಮ.

ಪಿಟೀಲು ಮತ್ತೆ ಒತ್ತಿದಳು. ಟಿಣ್. ಅಮ್ಮ ಪರದೆಯನ್ನೇ ನೋಡುತ್ತಾ ಕಾಯುತ್ತಿದ್ದಳು. ಪಿಟೀಲು ಹೆಡ್‌ಫೋನಿನ ಬದಿ ಬದಲಾಯಿಸಿದಳು. ಟಿಣ್. ಟಿಣ್. ಟಿಣ್.

“ಒತ್ತೇ!”

ಪಿಟೀಲು ಅಮ್ಮನ ಕಡೆ ತಿರುಗಿದಳು.

ಅದೇ ಲ್ಯಾಪ್‌ಟಾಪ್, ಅದೇ ಹೆಡ್‌ಫೋನ್, ಅದೇ ಟಿಣ್. ಬದಲಾದದ್ದು ಒಂದೇ ಒಂದು, ಕಿವಿ.

ಅವಳು ಬಟನ್ ಮೇಲಿಂದ ಬೆರಳು ತೆಗೆದಳು. ಹೋದ ವಾರ ಸ್ನಾನದ ಮನೆಯಿಂದ ಟವೆಲ್ ಕೇಳಿ ಕೇಳಿ ಸಾಕಾಗಿ, “ಕಿವಿಗೆ ಹತ್ತಿ ಇಟ್ಕೊಂಡಿದ್ದೀಯಾ?” ಎಂದು ಕಿರುಚಿದ್ದಳು. ಮೊನ್ನೆ ಹಿಂದಿನಿಂದ ಮೂರು ಸಲ ಕರೆದರೂ ಅಮ್ಮ ತಿರುಗಿರಲಿಲ್ಲ. ಆದರೆ ಗಿರಣಿಯಲ್ಲಿ? ಅಲ್ಲಿ ಆ ಸದ್ದಿನ ನಡುವೆ ಯಾರು ಏನು ಅಂದರೂ ಅಮ್ಮನಿಗೆ ತಿಳಿಯುತ್ತಿತ್ತಲ್ಲ! ‘ನುಣ್ಣಗೆ’ಯೋ ‘ತರಿತರಿ’ಯೋ, ಗಿರಾಕಿ ಬಾಯಿ ಮುಚ್ಚುವುದರೊಳಗೆ ಅಮ್ಮ ಗಿರಣಿಯ ಕಲ್ಲನ್ನು ಬಿಗಿಯೋ ಸಡಿಲವೋ ಮಾಡಿರುತ್ತಿದ್ದಳು.

ಕಿವಿಯಿಂದಲ್ಲ. ತುಟಿ ನೋಡಿ.

“ಏನೇ, ಮುಖ ಯಾಕೆ ಹಾಗಾಯ್ತು?”

“ಅಮ್ಮ, ಒಂದು ನಿಮಿಷ.” ಪಿಟೀಲು ಪ್ರೋಗ್ರಾಂ ತೆರೆದಳು. “ಹೆಡ್‌ಫೋನ್ ನೀನೇ ಪೂರ್ತಿ ಹಾಕ್ಕೋ. ಸದ್ದು ಬಂದರೆ ಕೈ ಎತ್ತು.”

ಅದರಲ್ಲಿ ಸದ್ದನ್ನು ಸಣ್ಣ ದನಿ ಮಾಡುವುದಕ್ಕೂ ದಪ್ಪ ದನಿ ಮಾಡುವುದಕ್ಕೂ ಒಂದು ಅಂಕಿ ಇತ್ತು; ಇಳಿಸಿದಷ್ಟೂ ದನಿ ದಪ್ಪ. ಪಿಟೀಲು ಹತ್ತು ಇಳಿಸಿದಳು. ಅಮ್ಮ ಕೈ ಎತ್ತಲಿಲ್ಲ. ಇಪ್ಪತ್ತು. ಇಲ್ಲ. ಮೂವತ್ತು, ನಲವತ್ತು. ಅಮ್ಮ ಈಗ ನಗುತ್ತಿರಲಿಲ್ಲ. ಮಗಳ ಬೆರಳು ಒತ್ತುವುದು ಅವಳಿಗೂ ಕಾಣುತ್ತಿತ್ತು.

ಎಪ್ಪತ್ತಕ್ಕೆ ಕೈ ಮೇಲೆ ಹೋಯಿತು. “ಹಾಂ, ಬಂತು! ಟಿಣ್ ಅಲ್ಲ, ಟೊಂಯ್ ಅಂತು.”

“ಅಷ್ಟು ಹೊತ್ತೂ ಬರ್ತಾನೇ ಇತ್ತಮ್ಮ.”

ಅಮ್ಮ ನಿಧಾನವಾಗಿ ಹೆಡ್‌ಫೋನ್ ತೆಗೆದಳು. ಅದನ್ನೇ ತಿರುಗಿಸಿ ಮುರುಗಿಸಿ ನೋಡಿದಳು.

“ನಿನಗೆ ಜ್ವರ ಬಂದಾಗ ಥರ್ಮಾಮೀಟರ್ ಇಟ್ಟೆ,” ಎಂದಳು. “ಎಷ್ಟು ಕಾದರೂ ಬೀಪ್ ಅನ್ನಲಿಲ್ಲ. ಕೆಟ್ಟಿದೆ ಅಂತ ಎಸೆದೆ. ಹೊಸದು ತಂದೆ. ಅದೂ ಅನ್ನಲಿಲ್ಲ. ಅದನ್ನೂ ಎಸೆದೆ. ಅಂಗಡಿಯವನ ಹತ್ತಿರ ಹೋಗಿ ಜಗಳ ಬೇರೆ ಆಡಿ ಬಂದೆನಲ್ಲೇ!”

ಪಿಟೀಲು ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು.

“ಈಗಿನ ಜನ ಬಾಯೊಳಗೇ ಗೊಣಗ್ತಾರೆ ಅಂದ್ಕೊಂಡಿದ್ದೆ,” ಅಮ್ಮನ ದನಿ ಸಣ್ಣದಾಯಿತು. “ಎಲ್ಲರೂ ಒಟ್ಟಿಗೆ ಗೊಣಗೋಕೆ ಶುರು ಮಾಡಿದರಲ್ಲ ಅಂತ ಆಶ್ಚರ್ಯ ಆಗ್ತಿತ್ತು.”

ಅಷ್ಟರಲ್ಲಿ ಅಪ್ಪ ಕೆಲಸದಿಂದ ಬಂದ. ಬಾಗಿಲಲ್ಲೇ ನಿಂತು ಪಿಟೀಲು ಹೇಳಿದ್ದನ್ನೆಲ್ಲ ಕೇಳಿದ. ಒಂದು ಕಾಲಿನ ಶೂ ಬಿಚ್ಚಿದವನು ಇನ್ನೊಂದನ್ನು ಬಿಚ್ಚುವುದನ್ನೇ ಮರೆತ.

“ಕರೆದರೆ ಓಗೊಡಲ್ಲ, ನನ್ನ ಮೇಲೆ ಏನೋ ಸಿಟ್ಟು ಅಂತ ನಾನು ವರ್ಷದಿಂದ ಯೋಚನೆ ಮಾಡ್ತಿದ್ದೀನಿ,” ಎಂದ.

“ಸಿಟ್ಟಿದ್ದರೆ ನಾನು ಸುಮ್ಮನಿರ್ತೀನಾ? ಇಷ್ಟು ವರ್ಷ ಸಂಸಾರ ಮಾಡಿ ಅದೂ ಗೊತ್ತಿಲ್ವಾ ನಿಮಗೆ?”

“ಅದೂ ಹೌದು,” ಎಂದ ಅಪ್ಪ. ಆಮೇಲೆ ಅಮ್ಮನ ಎದುರಿಗೆ ಬಂದು ಕೂತು, “ನಾಡಿದ್ದು ಕಿವಿ ಡಾಕ್ಟರ್ ಹತ್ತಿರ ಹೋಗೋಣ,” ಎಂದ.

ಅಮ್ಮ ತಲೆಯಾಡಿಸಿದಳು. “ನಾಡಿದ್ದಿನ ಮಾತು ನಾಡಿದ್ದು. ನಾಳೆ ಶಾಲೆಗೆ ನೀವೇ ಹೋಗಿ. ಎಲ್ಲರ ಮುಂದೆ ಕೋಳಿ ಕೊಂದು ಇವಳ ಮಾನ ಯಾಕೆ ಕಳೀಲಿ?”

“ನೀನೇ ಬರಬೇಕು!” ಪಿಟೀಲು ಎದ್ದೇಬಿಟ್ಟಳು. “ಸದ್ದು ಬದಲಾಯಿಸ್ತೀನಿ. ನಿನಗೆ ಕೇಳೋದೇ ಹಾಕ್ತೀನಿ. ಬರ್ತೀಯಾ? ಬರ್ತೀಯಾ ಅಂದ್ರೆ ಬರ್ತೀಯಾ?”

“ಶುರುವಾಯ್ತು ನೋಡು ಪಿಟೀಲು,” ಎಂದ ಅಪ್ಪ.

ಅಮ್ಮ ಅಡುಗೆಮನೆಗೆ ಹೋಗಿ ಖಾಲಿ ಹಿಟ್ಟಿನ ಡಬ್ಬ ತಂದು ಮೇಜಿನ ಮೇಲೆ ಕುಕ್ಕಿದಳು. “ದಪ್ಪ ಸದ್ದು ಎರಡಾದರೆ ಕಾಳು ಯಾವುದು ಬೆಕ್ಕು ಯಾವುದು ಗೊತ್ತಾಗಲ್ಲ. ಕಾಳಿಗೆ ಒಂದು ಪೆಟ್ಟು, ಬೆಕ್ಕಿಗೆ ಎರಡು ಪೆಟ್ಟು. ಹಿಡಿ, ಮೈಕ್ ಹತ್ತಿರ ಹಿಡಿ.”

ಧಪ್.

ಧಪ್ ಧಪ್.

*

ಮರುದಿನ ಕಂಪ್ಯೂಟರ್ ರೂಮಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅಮ್ಮ ಹೆಡ್‌ಫೋನ್ ಹಾಕಿಕೊಂಡು ಕೂತಳು. ಪಿಟೀಲು ಪಕ್ಕದಲ್ಲಿ ನಿಂತಳು.

ಕೋಳಿ ಒಂದು ಹೆಜ್ಜೆ ಇಟ್ಟಿತು. ಇನ್ನೊಂದು. ನಿಂತಿತು, ಬೆಕ್ಕು ಹೋಗುವವರೆಗೂ ಅಲ್ಲಾಡಲಿಲ್ಲ. ಮತ್ತೆ ಹೆಜ್ಜೆ. ಕೊನೆಗೆ ಕಪ್ಪು ಪರದೆ ಬೆಳ್ಳಗಾಗಿ ಗೂಡಿನ ಬಾಗಿಲು ತೆರೆಯಿತು.

“ಗೆದ್ದೆ!” ಅಮ್ಮ ಇಡೀ ರೂಮಿಗೆ ಕೇಳುವಂತೆ ಕೂಗಿದಳು.

ಪಕ್ಕದ ಬೆಂಚಿನ ಚಶ್ಮಾ ಹುಡುಗ ಹೆಡ್‌ಫೋನ್ ಕಿತ್ತು ತನ್ನ ಕಿವಿಗಿಟ್ಟುಕೊಂಡು ನೋಡಿದ. “ಏ ಪಿಟೀಲು, ಕ್ಲಾಸಲ್ಲಿ ಎಷ್ಟು ಚೆನ್ನಾಗಿರೋ ಟಿಣ್ ಹಾಕಿದ್ದೆ! ಈಗ ಕಾಳು ಕುಂಬಳಕಾಯಿ ಬಿದ್ದಂಗೆ ಬೀಳುತ್ತಲ್ಲೇ!”

ನಾಲ್ಕೈದು ಮಕ್ಕಳು ಕಿಸಕ್ಕೆಂದರು. ಪಿಟೀಲುವಿನ ಕೆನ್ನೆ ಬಿಸಿಯಾಯಿತು. ಫೈಲ್ ಡಿಲೀಟ್ ಆಯ್ತು ಎನ್ನಲು ಬಾಯಿ ತೆರೆದಳು.

ಅಮ್ಮ ಹುಡುಗನ ತುಟಿಯನ್ನೇ ನೋಡುತ್ತಿದ್ದಳು. “ನನಗೆ ಸಣ್ಣ ಸದ್ದು ಕೇಳಲ್ಲಪ್ಪ,” ಎಂದಳು, ‘ಗೋಧಿ ಖಾಲಿಯಾಗಿದೆ’ ಎನ್ನುವಷ್ಟೇ ಸಲೀಸಾಗಿ. “ನಿನ್ನೆವರೆಗೆ ನನಗೇ ಗೊತ್ತಿರಲಿಲ್ಲ. ಇವಳ ಗೇಮ್ ಆಡುವಾಗ ಗೊತ್ತಾಯ್ತು. ಅದಕ್ಕೇ ದಪ್ಪ ಸದ್ದು ಹಾಕಿದ್ದಾಳೆ.”

ಪಿಟೀಲು ತಟ್ಟನೆ ಅಮ್ಮನತ್ತ ತಿರುಗಿದಳು. ಎಲ್ಲರ ಎದುರು! ಅಮ್ಮನಿಗೆ ನಾಚಿಕೆಯಾಗುತ್ತದೆಂದು ತಾನು ಸುಳ್ಳು ಹುಡುಕುತ್ತಿದ್ದರೆ, ಅಮ್ಮ ಕುರ್ಚಿಗೆ ಒರಗಿ ಕೈಬೆರಳ ನೆಟಿಗೆ ಮುರಿಯುತ್ತಿದ್ದಾಳೆ. ರೂಮಿನಲ್ಲಿ ಯಾರೂ ನಗಲಿಲ್ಲ. ಮೇಡಂ ಮಾತ್ರ ಬಂದು ಅಮ್ಮನ ಭುಜದ ಮೇಲೆ ಕೈಯಿಟ್ಟರು.

ಆಗ ಬಾಗಿಲ ಹತ್ತಿರ ಯಾರೋ ಕೆಮ್ಮಿದರು. ಶಾಲೆ ಬಸ್ಸಿನ ಡ್ರೈವರ್ ಮಾವ. ಟೋಪಿ ಕೈಯಲ್ಲಿ ಹಿಡಿದು ಒಳಗೆ ಬಂದರು.

“ಪುಟ್ಟಾ, ಮೊದಲು ಇದ್ದ ಆ ಸಣ್ಣ ಸದ್ದು ಇನ್ನೂ ಇದೆಯಾ?”

“ಇದೆ ಮಾವ.”

“ಹಾಕು ನೋಡೋಣ. ಇಪ್ಪತ್ತಾರು ವರ್ಷ ಇಂಜಿನ್ ಪಕ್ಕ ಕೂತವನು ನಾನು. ಸುಮ್ನೆ ಒಂದ್ಸಲ.”

ಅಮ್ಮ ಎದ್ದು ಜಾಗ ಬಿಟ್ಟಳು. ಡ್ರೈವರ್ ಮಾವ ಹೆಡ್‌ಫೋನ್ ಏರಿಸಿಕೊಂಡು ಶಿಸ್ತಾಗಿ ಕೂತರು. ಪಿಟೀಲು ಹಳೇ ಫೈಲ್ ಹಾಕಿ ಬಟನ್ ಒತ್ತಿದಳು. ಮತ್ತೆ ಒತ್ತಿದಳು. ಹೆಡ್‌ಫೋನಿನ ಸಂದಿಯಿಂದ ಸೋರಿದ ಟಿಣ್ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

“ಹಾಕಿದ್ಯಾ?” ಎಂದರು ಮಾವ.

ಚಶ್ಮಾ ಹುಡುಗನ ಬಾಯಿ ತೆರೆಯಿತು. ಪಿಟೀಲು ಅವನತ್ತ ನೋಡಿದಳು. ಬಾಯಿ ಮುಚ್ಚಿತು.

ಅವಳು ಮಾವನ ಬೆನ್ನ ಹಿಂದಿನಿಂದ ಸುತ್ತಿ ಬಂದು, ಮೇಜಿನ ಆಚೆ, ತನ್ನ ಮುಖ ಅವರಿಗೆ ಕಾಣುವ ಹಾಗೆ ನಿಂತಳು.

“ಈಗ ಹಾಕ್ತೀನಿ ಮಾವ,” ಎಂದಳು, ಒಂದೊಂದೇ ಮಾತು ಬಿಡಿಸಿ. “ಅವಸರ ಏನಿಲ್ಲ.”

ಕೈಚಾಚಿ ದನಿಯ ಅಂಕಿಯನ್ನು ಹತ್ತು ಇಳಿಸಿದಳು. ಬಟನ್ ಒತ್ತಿ, ಅವರ ಹುಬ್ಬನ್ನೇ ನೋಡುತ್ತಾ ಕಾದಳು.