ಇವ್ರು ನಮ್ಮನೆಯವ್ರು

ಯಾರೋ ಗಬಕ್ಕನೆ ಕೈ ಹಿಡಿದು ಎಳೆದರು!

ಮಾಲಿನಿ ಕಿರುಚಬೇಕು ಅನ್ನುವಷ್ಟರಲ್ಲಿ ಟೈಲರ್ ಅಂಗಡಿಯ ಒಳಗಿದ್ದಳು. ಹಿಂದೆಯೇ ಶಟರ್ ದಡಾರನೆ ಕೆಳಗಿಳಿಯಿತು. ಅದರ ಮೇಲೆ ಧಡ್ ಅಂತ ಒಂದು ಕಲ್ಲು ಬಂದು ಬಿತ್ತು.

"ಕೈ ಬಿಡ್ರೀ! ನಮ್ಮಪ್ಪ ಯಾರು ಗೊತ್ತಾ ನಿಮಗೆ?"

"ಗೊತ್ತು ಮೇಡಂ... ಹೆಡ್ ಕಾನ್‌ಸ್ಟೇಬಲ್ ಜವರಪ್ಪನವರು. ಸೊಂಟ ಮೂವತ್ತೆಂಟು. ಅವರ ಯೂನಿಫಾರಂ ಹೊಲಿಯೋದು ನಾನೇ."

ಇಂಥಾ ಹೊತ್ತಲ್ಲೂ ಅವಳಿಗೆ ನಗು ಬಂತು ನೋಡಿ! ನಕ್ಕಿದ್ದೇ ತಡ, ಅಳುವೂ ಬಂತು.

ಅದು ಕಾವೇರಿ ಗಲಾಟೆಯ ಡಿಸೆಂಬರ್, ತೊಂಬತ್ತೊಂದನೇ ಇಸವಿ. ನಲ್ಲೀಲಿ ನೀರು ಬಂದರೆ ಹಬ್ಬ ಮಾಡೋ ಊರು ನಮ್ಮ ಅರಸೀಕೆರೆ. ಅಂಥಾ ಊರಲ್ಲೂ ಎಲ್ಲೋ ಹರಿಯೋ ನದಿ ಹೆಸರಲ್ಲಿ ಕಲ್ಲು ತೂರಾಟ! ಬಾಣಾವರದ ಸ್ಕೂಲಲ್ಲಿ ಟೀಚರ್ ಆಗಿದ್ದ ಮಾಲಿನಿ, ಬಂದ್ ಅಂತ ಮಕ್ಕಳನ್ನು ಬೇಗ ಬಿಟ್ಟಿದ್ದರಿಂದ, ರೈಲಿಳಿದು ಪೇಟೆ ಬೀದಿಯಲ್ಲಿ ಮನೆಗೆ ಹೊರಟಿದ್ದಳು.

ಈ ಟೈಲರ್ ಯಾರು ಅಂತೀರಾ? ಕದಿರ್‌ವೇಲು. ಅವನ ತಾತ ಸೇಲಂ ಕಡೆಯಿಂದ ರೈಲ್ವೆ ಗ್ಯಾಂಗ್ ಕೆಲಸಕ್ಕೆ ಬಂದವನು. ಮೊಮ್ಮಗ ಹುಟ್ಟಿದ್ದು, ಓದಿದ್ದು, ಮೀಸೆ ಬಂದಿದ್ದು ಎಲ್ಲಾ ಇಲ್ಲೇ. ಊರಿನವರು ಯಾವತ್ತೋ ಅವನನ್ನ 'ಕದಿರಪ್ಪ' ಮಾಡಿಕೊಂಡಿದ್ದರು.

ದಿನಾ ಸಂಜೆ ಮಾಲಿನಿ ಆ ಅಂಗಡಿ ಮುಂದೆ ಹಾದು ಹೋಗುವಾಗ ಹೊಲಿಗೆ ಮಿಷನ್ ಸದ್ದು ಗಕ್ಕನೆ ನಿಲ್ಲುತ್ತಿತ್ತು. ಅವಳು ದಾಟಿದ ಮೇಲೆ ಮತ್ತೆ ಶುರು. ಅವಳೂ ಏನು ಕಮ್ಮಿಯಿಲ್ಲ... ಸರಿಯಾಗಿ ಅಲ್ಲಿಗೆ ಬಂದಾಗಲೇ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳೋಳು! ಮಾತು ಮಾತ್ರ ಇವತ್ತೇ ಮೊದಲು.

ಶಟರ್ ಮೇಲೆ ದೊಣ್ಣೆ ಏಟು ಬಿತ್ತು.

"ಲೇ ಕದಿರ! ಬಾರ್ಲಾ ಆಚೆ! ತಮಿಳ್ನೋನ್ ಅಂಗ್ಡಿ ಕಣ್ರೋ... ಬೆಂಕಿ ಇಕ್ರೋ!"

ಕದಿರ್‌ವೇಲು ಪಿಸುಗುಟ್ಟಿದ. "ಹಿಂದ್ಗಡೆ ಸಣ್ಣ ಬಾಗಿಲೈತೆ. ನೀವು ಹೋಗ್ಬಿಡಿ ಮೇಡಂ."

"ಮತ್ತೆ ನೀವು?"

"ನಾನೆಲ್ಲಿಗೆ ಹೋಗ್ಲಿ? ನಂಗೆ ಬೇರೆ ಯಾವೂರೈತೆ?"

ಆ ಮಾತು ಅವಳ ಎದೆಗೆ ನಾಟಿತು. ಹೆದರಿಕೆ ಎಲ್ಲಿ ಹೋಯಿತೋ, ಕೋಪ ಎಲ್ಲಿಂದ ಬಂತೋ! ಅವನು ಬೇಡ ಬೇಡ ಅನ್ನುತ್ತಿದ್ದಂತೆ ಶಟರ್ ಮೇಲೆತ್ತಿ ಬೀದಿಗೇ ಬಂದು ನಿಂತಳು. ದೊಣ್ಣೆ ಹಿಡಿದವರಲ್ಲಿ ಅರ್ಧ ಜನರ ಅಂಗಿ ಹೊಲಿದವನು ಕದಿರ್‌ವೇಲುನೇ.

"ಯಾರನ್ನ ಸುಡೋಕೆ ಬಂದಿದ್ದೀರ? ಇವ್ರು ಯಾರು ಅನ್ಕೊಂಡಿದ್ದೀರ? ಇವ್ರು... ಇವ್ರು ನಮ್ಮನೆಯವ್ರು!"

ಅಯ್ಯಯ್ಯೋ!

ಅವಳು ಹೇಳಲು ಹೊರಟಿದ್ದು 'ನಮ್ಮೋರು' ಅಂತ. ನಮ್ಮ ಊರಿನವರು, ನಮ್ಮ ಜನ ಅಂತ. ಬಾಯಿ ತಪ್ಪಿ ಬಂದಿದ್ದು 'ನಮ್ಮನೆಯವ್ರು'! ನಮ್ಮ ಕಡೆ ಗಂಡನ ಹೆಸರು ಹೇಳದ ಹೆಂಗಸರು ಆ ಮಾತನ್ನ ಯಾರಿಗೆ ಅಂತಾರೆ ಅಂತ ನಾನು ಬಿಡಿಸಿ ಹೇಳಬೇಕಾ?

ಎತ್ತಿದ ದೊಣ್ಣೆಗಳು ಹಾಗೇ ಕೆಳಗಿಳಿದವು.

"ಏನ್ಲಾ ಇದು? ಜವರಪ್ಪನ ಮಗಳು ಕಣ್ಲಾ! ಮದ್ವೆ ಯಾವಾಗಾಯ್ತು?"

ಗುಂಪು ಗುಸುಗುಸು ಅಂದುಕೊಂಡು ಮುಂದಕ್ಕೆ ಸರಿಯಿತು. ಮಾಲಿನಿ ಹಿಂತಿರುಗಿ ಕೂಡ ನೋಡದೆ ಮನೆಗೆ ಓಡಿದಳು. ಮುಖ ಕೆಂಡವಾಗಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಮಾರನೇ ದಿನ ಬೆಳಿಗ್ಗೆ ಪೊಲೀಸರು ಕದಿರ್‌ವೇಲುವನ್ನು ಜೀಪು ಹತ್ತಿಸಿದರು. ಹಿಂದಿನ ದಿನದ ಬಂದ್ ಮೆರವಣಿಗೆಯಲ್ಲಿ ಒಬ್ಬನ ತಲೆ ಒಡೆದಿತ್ತಂತೆ. "ಶಟರ್ ಮೇಲೆ ಕಲ್ಲು ಬಿತ್ತಲ್ಲ, ಆಗಲೇ ಆ ತಮಿಳ್ನೋನೂ ಎಸೆದ" ಅಂತ ಯಾರೋ ದೂರು ಕೊಟ್ಟಿದ್ದರಂತೆ.

ಮನೆಯಲ್ಲಿ ಅಮ್ಮ ಸಣ್ಣತಾಯಮ್ಮ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. "ಊರೆಲ್ಲಾ ಒಂದೇ ಮಾತಾಡ್ತೈತೆ ಕಣೇ! ಏನಂದೆ ನೀನು ಬೀದೀಲಿ?"

ಮಧ್ಯಾಹ್ನ ಊಟಕ್ಕೆ ಬಂದ ಜವರಪ್ಪ ಟೋಪಿ ತೆಗೆದಿಟ್ಟು, ಗೋಡೆಯ ಮೇಲಿನ ಬುದ್ಧನ ಫೋಟೊ ನೋಡುತ್ತಾ ನಿಂತರು. ಮಗಳ ಮುಖ ನೋಡಲಿಲ್ಲ.

"ಆ ಹುಡುಗ ಹೇಳಿಕೆ ಕೊಟ್ಟ. 'ಅಂಗಡೀಲಿ ನಾನೊಬ್ನೇ ಇದ್ದೆ, ಆ ಮೇಡಂ ಯಾರೋ ನಂಗೊತ್ತಿಲ್ಲ' ಅಂದ. ಒಬ್ನೇ ಇದ್ದೆ ಅಂದ್ಮೇಲೆ ಕಲ್ಲು ಎಸೆದಿಲ್ಲ ಅನ್ನೋಕೆ ಸಾಕ್ಷಿ ಎಲ್ಲಮ್ಮ? ಸಂಜೆ ಕೇಸು ಹಾಕಿ ಕಳಿಸ್ತಾರೆ."

ಅಪ್ಪನಿಗೆ ಅನ್ನ ಬಡಿಸಿಟ್ಟ ಮಾಲಿನಿ ಸೌಟು ಕೆಳಗಿಟ್ಟಳು.

'ಯಾರೋ ಗೊತ್ತಿಲ್ವಾ? ಮಿಷನ್ ನಿಲ್ಲಿಸುವಾಗ ಗೊತ್ತಿತ್ತಲ್ಲ! ನಾನು ಅಂದ ಮಾತಿಗೆ ನಾಚಿಕೆ ಆಯ್ತಾ? ಅಥವಾ... ನಮ್ಮ ಜಾತಿ ಅಂತಾನಾ?'

ಕಣ್ಣು ತುಂಬಿ ಬಂತು. ಮರುಗಳಿಗೆಯೇ ರೋಷ ಉಕ್ಕಿತು. ಅತ್ತುಕೊಂಡು ಮೂಲೆ ಹಿಡಿಯೋ ಹುಡುಗಿ ಅಲ್ಲ ಅವಳು. 'ಮುಖಾಮುಖಿ ಕೇಳೇ ಬಿಡ್ತೀನಿ!' ಅಂತ ಚಪ್ಪಲಿ ಮೆಟ್ಟಿಕೊಂಡು ಠಾಣೆಗೆ ನಡೆದಳು. ಜವರಪ್ಪ ಅನ್ನ ಬಿಟ್ಟು ಹಿಂದೆಯೇ ಬಂದರು.

ಠಾಣೆಯ ಬೆಂಚಿನ ಮೇಲೆ ಕದಿರ್‌ವೇಲು ಕೂತಿದ್ದ. ತುಟಿ ಊದಿತ್ತು. ಅವಳನ್ನು ನೋಡಿದವನೇ ಎದ್ದು ನಿಂತ.

"ನಾನ್ಯಾರೋ ಗೊತ್ತಿಲ್ಲ ಅಂದ್ರಂತೆ? ಯಾಕ್ರೀ? ನಾಚಿಕೆನಾ?"

"ಅಯ್ಯೋ ಮೇಡಂ, ಮೆಲ್ಲಗೆ..." ಅವನು ದನಿ ತಗ್ಗಿಸಿದ. "ಬೀದಿ ಮಾತು ನಾಕು ದಿನ ಇರ್ತದೆ, ಹೋಗ್ತದೆ. ಶಟರ್ ಹಾಕಿದ ಅಂಗಡೀಲಿ ಇಬ್ರೇ ಇದ್ರು ಅಂತ ಪೊಲೀಸ್ ಕಾಗದದಲ್ಲಿ ಬರೆದ್ರೆ ಊರು ನಿಮ್ಮನ್ನ ಬಿಡ್ತದಾ? ನಾನು ಹೋದ್ರೆ ಒಬ್ಬ ತಮಿಳ್ನೋನು ಹೋದ ಅಷ್ಟೇ. ನೀವು ಇಲ್ಲೇ ಬಾಳಬೇಕು."

ಓ... ಇದಾ ವಿಷಯ! ಅವಳ ಮಾನ ಕಾಯೋಕೆ ಈ ಪುಣ್ಯಾತ್ಮ ಜೈಲಿಗೆ ಹೊರಟಿದ್ದಾನೆ!

"ನಾನು ಬಾಳೋ ಊರಲ್ಲಿ ನೀವ್ಯಾಕ್ರೀ ಬಾಳಬಾರ್ದು?" ಅವಳ ದನಿ ಇಡೀ ಠಾಣೆಗೆ ಕೇಳಿಸಿತು. "ನನ್ನ ಹೆಸರು ನಾನು ಕಾಯ್ಕೊತೀನಿ. ಅದಕ್ಕೆ ನೀವು ಜೈಲಿಗೆ ಹೋಗೋದು ಬೇಡ!"

ಹೊಸದಾಗಿ ವರ್ಗವಾಗಿ ಬಂದಿದ್ದ ಸಬ್ ಇನ್‌ಸ್ಪೆಕ್ಟರ್ ಇಂದುಧರ ತಲೆಯೆತ್ತಿದರು.

"ಬರ್ಕೊಳ್ಳಿ ಸಾರ್. ಕಲ್ಲು ಬಿದ್ದಾಗ ಶಟರ್ ಹಾಕಿತ್ತು. ಇವರ ಜೊತೆ ಒಳಗೆ ನಾನಿದ್ದೆ. ಇವರು ಕಲ್ಲು ಎಸೆದಿಲ್ಲ."

"ಯೋಚನೆ ಮಾಡಮ್ಮ," ಅಂದರು ಅವರು ನಿಧಾನಕ್ಕೆ. "ನಾಳೆ ಕೋರ್ಟಲ್ಲೂ ಕೇಳ್ತಾರೆ. ಮುಚ್ಚಿದ ಅಂಗಡೀಲಿ ನಿನಗೇನು ಕೆಲಸ ಅಂತ. ಈತ ನಿನಗೆ ಏನಾಗಬೇಕು ಅಂತ. ಏನು ಹೇಳ್ತೀಯ?"

ಏನಾಗಬೇಕು?

ಟೈಪ್‌ರೈಟರ್ ನಿಂತಿತು. ಬಾಗಿಲಲ್ಲಿ ಅಪ್ಪ. ಎದುರಿಗೆ, ಉಸಿರು ಬಿಗಿಹಿಡಿದು, ಅವನು.

"ನಮ್ಮನೆಯವ್ರು," ಅಂದಳು ಮಾಲಿನಿ.

ಈ ಸಲ ಬಾಯಿ ತಪ್ಪಲಿಲ್ಲ!

ಇಂದುಧರ ಬಾಗಿಲ ಕಡೆ ನೋಡಿದರು. "ಏನ್ರೀ ಜವರಪ್ಪ? ನಿಮ್ಮ ಮಗಳು ಹೇಳ್ತಿರೋದು ಕೇಳಿಸ್ತಾ?"

ಜವರಪ್ಪ ಒಳಗೆ ಬಂದು ನೆಟ್ಟಗೆ ನಿಂತರು.

"ಕೇಳಿಸ್ತು ಸಾರ್. ನಾನು ಈ ಊರಿಗೆ ಬಂದಾಗ ಖಾಕಿ ಹಾಕ್ಕೊಂಡೇ ಬಾಡಿಗೆ ಮನೆ ಕೇಳಿದೆ. 'ನೀವು ಯಾವ ಜನ' ಅಂತ ಕೇಳಿ ಬಾಗಿಲು ಹಾಕ್ಕೊಂಡ್ರು. ಆ ಪ್ರಶ್ನೆ ನನ್ನ ಮನೇಲಿ ಯಾರನ್ನೂ ಕೇಳಬಾರ್ದು ಅಂತ ಅವತ್ತೇ ಅನ್ಕೊಂಡೆ. ನನ್ನ ಮಗಳು ನಮ್ಮನೆಯವ್ರು ಅಂದ್ಮೇಲೆ... ನಮ್ಮನೆಯವನೇ."

ಮಾಲಿನಿಗೆ ತಡೆಯಲಾಗಲಿಲ್ಲ. ಅಪ್ಪನ ತೋಳು ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು.

ಅವಳ ಹೇಳಿಕೆ ಕಾಗದಕ್ಕೆ ಬಂತು. ಕಲ್ಲು ಎಸೆದದ್ದನ್ನು ಕಣ್ಣಾರೆ ನೋಡಿದವರು ಬನ್ನಿ ಅಂದರೆ ದೂರು ಕೊಟ್ಟವನ ಕಡೆ ಒಬ್ಬರೂ ಬರಲಿಲ್ಲ. ಸಂಜೆ ಬಿಸಿಲು ಇನ್ನೂ ಇರುವಾಗಲೇ ಕದಿರ್‌ವೇಲು ಆಚೆ ಬಂದ.

"ಹಿಂದಿನ ಬೀದೀಲಿ ಹೋಗಣ್ವಾ?" ಅಂದ.

"ಯಾಕೆ? ಪೇಟೆ ಬೀದಿಗೇನಾಗಿದೆ?" ಅಂತ ಅವಳು ಮುಂದೆ ನಡೆದಳು.

ಅಂಗಡಿ ಅಂಗಡಿಯಿಂದ ತಲೆಗಳು ಇಣುಕಿದವು. ಎದುರು ಬಟ್ಟೆ ಅಂಗಡಿಯ ಸಿದ್ದಬಸಪ್ಪ ಕೊಂಕು ನಗೆ ನಕ್ಕ. "ಏನಮ್ಮಾ, ಮದ್ವೆ ಊಟ ಯಾವಾಗ ಹಾಕುಸ್ತೀರಿ?"

"ಇದೇ ಬೀದೀಲಿ ಶಾಮಿಯಾನ ಹಾಕ್ಸಿ ಬಡಿಸ್ತೀವಿ. ಬಂದು ಉಂಡ್ಕೊಂಡು ಹೋಗಿ!"

ಸಿದ್ದಬಸಪ್ಪನ ನಗು ಅಲ್ಲೇ ಇಂಗಿತು.

ಕದಿರ್‌ವೇಲು ನೆಗ್ಗಿದ ಶಟರ್ ಎತ್ತಿ, ಸ್ಟೂಲ್ ಒರೆಸಿ ಅವಳಿಗೆ ಕೊಟ್ಟ. ಕಟಿಂಗ್ ಟೇಬಲ್ ಮೇಲೆ ಜವರಪ್ಪನವರ ಹೊಸ ಖಾಕಿ ಶರ್ಟು ಅರ್ಧಕ್ಕೇ ನಿಂತಿತ್ತು. ಅದನ್ನೇ ಎತ್ತಿಕೊಂಡು ಮಿಷನ್ ಮುಂದೆ ಕೂತ.

"ನಮ್ಮಮ್ಮ ಅಪ್ಪನ್ನ ಕರೆಯೋದೂ ಹಂಗೇ ಕಣ್ರೀ," ಅಂದ ತಲೆ ತಗ್ಗಿಸಿ. "ಎಂಗ ವೀಟ್ಟುಕ್ಕಾರರ್... ಅಂದ್ರೆ, ನಮ್ಮನೆಯವ್ರು."

"ಏನು? ಇನ್ನೊಂದ್ಸಲ ಹೇಳಿ."

"ಅದು ಹೆಂಡ್ತಿ ಹೇಳೋ ಮಾತು. ನಾನು ಹೇಳಿದ್ರೆ ನಗ್ತಾರೆ."

"ಹಂಗಾದ್ರೆ ನಾನೇ ಕಲೀಬೇಕು," ಅಂದಳು. "ಎಂಗ... ವೀಟು... ಥೂ, ನಾಲಿಗೆ ಹೊರಳಲ್ಲಪ್ಪ!"

ಅವನು ಊದಿದ ತುಟಿಯಲ್ಲೇ ನಕ್ಕ. ಮಿಷನ್ ಶುರುವಾಯಿತು. ಮಾಲಿನಿ ಸ್ವಲ್ಪ ಹೊತ್ತು ಆ ಸದ್ದು ಕೇಳುತ್ತಾ ಕೂತಿದ್ದು, ಮೆಲ್ಲಗೆ ಕೇಳಿದಳು.

"ದಿನಾ ನನ್ನ ನೋಡಿದ್ರೆ ಮಿಷನ್ ನಿಲ್ಲಿಸ್ತಿದ್ರಿ. ಇವತ್ತು ಯಾಕೆ ನಿಲ್ಲಿಸ್ಲಿಲ್ಲ?"

"ದಿನಾ ನೀವು ದಾಟ್ಕೊಂಡು ಹೋಗ್ಬಿಡ್ತಿದ್ರಿ ಮಾಲಿನಿ... ಇವತ್ತು ಇಲ್ಲೇ ಇದ್ದೀರಲ್ಲ."