ಹದಿಮೂರು ಅಕ್ಷರ, ಹನ್ನೆರಡು ಚೌಕ

ಜಾಶ್ ವಾಕರ್ ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ ಕುಂಡೆ ಎಳೆದುಕೊಂಡು ಸರಿದ. ಕೈ ಊರಲಿಲ್ಲ, ಕಾಲು ಊರಲಿಲ್ಲ. ಬರೀ ಕುಂಡೆ. ಬೆಂಚು ಕಿರ್ರ್ ಎಂದಿತು.

ಹಾಜರಿ ಕರೆಯುತ್ತಿದ್ದ ಮಿಸ್ ತಲೆ ಎತ್ತಿದರು. "ಜಾಶ್, ಏನದು?"

"ಏನಿಲ್ಲ ಮಿಸ್. ಜಾಗ ಬಿಡ್ತಾ ಇದ್ದೆ."

ಇಡೀ ತರಗತಿ ಬಾಯಿಗೆ ಕೈ ಅಡ್ಡ ಹಿಡಿಯಿತು. ಮಿಸ್ ಈಗಷ್ಟೇ ಕರೆದ ಹೆಸರು ಗಾಳಿಯಲ್ಲಿ ಇನ್ನೂ ನೇತಾಡುತ್ತಿತ್ತು: ಮೇಬಲ್ ಶಫಲ್‌ಬಾಟಮ್.

"ಎಸ್ ಮಿಸ್," ಎಂದಳು ಮೇಬಲ್, ಮೇಜನ್ನೇ ನೋಡುತ್ತ.

ತರಗತಿಯಲ್ಲಿ ಇಬ್ಬರು ಮೇಬಲ್ ಇದ್ದರು. ಹಾಗಾಗಿ ಮಿಸ್ ಪೂರ್ತಿ ಹೆಸರು ಕರೆಯಲೇಬೇಕಿತ್ತು. ಶಫಲ್ ಅಂದರೆ ಎಳೆದುಕೊಂಡು ಸರಿಯುವುದು. ಬಾಟಮ್ ಅಂದರೆ, ನಾವೆಲ್ಲ ಯಾವುದರ ಮೇಲೆ ಕೂರುತ್ತೇವೋ ಅದು. ಎರಡನ್ನೂ ಸೇರಿಸಿದರೆ ಏನಾಗುತ್ತದೆ ಎಂಬುದನ್ನು ಜಾಶ್ ದಿನಾ ಬೆಳಿಗ್ಗೆ ಒಂಬತ್ತು ಗಂಟೆಗೆ ಮಾಡಿ ತೋರಿಸುತ್ತಿದ್ದ.

ಊಟದ ಹೊತ್ತಿನಲ್ಲಿ ಅವನು ಮೇಬಲ್ ಪಕ್ಕ ಬಂದು ಕೂತ.

"ನಮ್ಮ ನಾಯಿಗೆ ಹೊಟ್ಟೆಹುಳ ಆದಾಗ ಅದೂ ಕಾರ್ಪೆಟ್ ಮೇಲೆ ಹೀಗೇ ಹೋಗುತ್ತೆ. ನಿಮ್ಮ ಸಂಬಂಧಿಕರಾ?"

"ಹೋಗೋ."

"ಮುಂದಿನ ತಿಂಗಳು ಕುರಿ ಮೇಳಕ್ಕೆ ನಿನ್ನ ಮರಿ ತರ್ತೀಯಂತೆ. ಅಲ್ಲಿ ಹೆಸರನ್ನ ಮೈಕಲ್ಲಿ ಕೂಗ್ತಾರೆ, ಗೊತ್ತಲ್ಲ? ಎರಡು ಸಲ ಕೂಗ್ತಾರೆ. ನಾನು ಮುಂದಿನ ಸಾಲಲ್ಲೇ ಇರ್ತೀನಿ."

ಮೇಬಲ್‌ಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಬ್ಯಾಗಿನಲ್ಲಿದ್ದ ಅರ್ಜಿಯನ್ನು ಒಂದು ವಾರದಿಂದ ಅವಳು ತುಂಬಿರಲಿಲ್ಲ.

ಆ ಸಂಜೆ ಅವಳು ಅಡುಗೆಮನೆಯ ಮೇಜಿನ ಮೇಲೆ ಅರ್ಜಿಯನ್ನು ಹರಡಿದಳು. ಹೊರಗೆ ಬಟನ್ ಬಾಗಿಲಿಗೆ ಹಣೆ ಗುದ್ದುತ್ತಿತ್ತು. ಬಟನ್ ಅಂದರೆ ಅವಳ ಕುರಿಮರಿ. ಏಪ್ರಿಲ್‌ನಲ್ಲಿ ತಾಯಿಕುರಿ ಸತ್ತ ಮೇಲೆ ಮೇಬಲ್ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ ಮರಿ. ಮೂಗಿನ ಮೇಲೆ ಗುಂಡಗೆ ಕಪ್ಪು ಮಚ್ಚೆ, ಅಂಗಿಗೆ ಹೊಲಿದ ಗುಂಡಿಯ ಹಾಗೆ. ಹಗ್ಗ ಹಿಡಿದರೆ ಸಾಕು, ಅವಳ ಮೊಣಕಾಲಿಗೆ ಅಂಟಿಕೊಂಡೇ ನಡೆಯುತ್ತಿತ್ತು. ಈ ವರ್ಷ ಮಕ್ಕಳ ವಿಭಾಗದಲ್ಲಿ ಅಂಥ ಮರಿ ಇನ್ನೊಂದಿಲ್ಲ ಎಂದು ತಾತನೇ ಹೇಳಿದ್ದ. ತಾತ ಸುಮ್ಮಸುಮ್ಮನೆ ಹೊಗಳುವವನಲ್ಲ.

ಅರ್ಜಿಯಲ್ಲಿ ಮನೆತನದ ಹೆಸರಿಗೆ ಹನ್ನೆರಡು ಚೌಕಗಳಿದ್ದವು. ಇಂಗ್ಲಿಷಿನಲ್ಲಿ ಬರೆದರೆ ಶಫಲ್‌ಬಾಟಮ್‌ಗೆ ಹದಿಮೂರು ಅಕ್ಷರ. ಎಲ್ಲ ಅರ್ಜಿಗಳಲ್ಲೂ ಇದೇ ಗೋಳು. ಕೊನೆಯ ಅಕ್ಷರ ಯಾವಾಗಲೂ ಚೌಕದ ಹೊರಗೆ, ಬಸ್ ತಪ್ಪಿಸಿಕೊಂಡವರ ಹಾಗೆ ನಿಂತಿರುತ್ತಿತ್ತು.

ಮೇಬಲ್ ಪೆನ್ನು ಕಚ್ಚಿದಳು. ಅಮ್ಮ ಮದುವೆಗೆ ಮುಂಚೆ ಗ್ರೇ ಆಗಿದ್ದಳು. ಗ್ರೇಗೆ ನಾಲ್ಕೇ ಅಕ್ಷರ. ಬರೆದ ಮೇಲೂ ಎಂಟು ಚೌಕ ಖಾಲಿ.

ಅವಳು ಗ್ರೇ ಎಂದು ಬರೆದಳು.

"ತಾತ, ಇಲ್ಲಿ ದೊಡ್ಡವರ ಸಹಿ ಬೇಕಂತೆ."

ತಾತನ ಕನ್ನಡಕ ಎಲ್ಲೋ ಇತ್ತು. ಎಲ್ಲಿ ಎಂದು ಅವನಿಗೂ ಗೊತ್ತಿರಲಿಲ್ಲ. "ಎಲ್ಲಿ? ಇಲ್ಲೇನಾ?" ಎನ್ನುತ್ತ, ಮೇಬಲ್ ಬೆರಳಿಟ್ಟ ಕಡೆ ನಿಧಾನವಾಗಿ ಸಹಿ ಹಾಕಿದ. ಹದಿಮೂರು ಅಕ್ಷರ. ಒಂದನ್ನೂ ಬಿಡಲಿಲ್ಲ. ಎಂಬತ್ತು ಕುರಿ ಸಾಕಿದ ದಪ್ಪ ಬೆರಳುಗಳು ಪೆನ್ನನ್ನು ಮೊಟ್ಟೆಯ ಹಾಗೆ ಹಿಡಿದಿದ್ದವು.

ಮೇಬಲ್ ಅರ್ಜಿಯನ್ನು ಬೇಗ ಮಡಚಿದಳು.

*

ಮೇಳದ ಹಿಂದಿನ ದಿನ ಶುಕ್ರವಾರ. ಮೇಬಲ್ ಶಾಲೆಯಿಂದ ಬಂದಾಗ ತಾತ ಟೀ ಮುಂದೆ ಕೂತಿದ್ದ. ಈ ಸಲ ಕನ್ನಡಕ ಅವನ ಮೂಗಿನ ಮೇಲೇ ಇತ್ತು. ಕೈಯಲ್ಲಿ ಅಂಚೆಯಲ್ಲಿ ಬಂದ ತೆಳ್ಳನೆಯ ಪುಸ್ತಕ. ಮೇಳಕ್ಕೆ ಯಾರ್ಯಾರು ಯಾವ ಕುರಿ ತರುತ್ತಾರೆ ಎಂಬ ಪಟ್ಟಿ.

"ಮಕ್ಕಳ ವಿಭಾಗದಲ್ಲಿ ಏಳು ಜನ," ಎಂದ ತಾತ. "ನಮ್ಮ ಮೇಬಲ್ ಇಲ್ಲ. ಯಾರೋ ಮೇಬಲ್ ಗ್ರೇ ಅಂತ ಒಬ್ಬಳಿದ್ದಾಳೆ."

ಮೇಬಲ್ ಬ್ಯಾಗು ಇಳಿಸಲಿಲ್ಲ.

"ನಿಮ್ಮಮ್ಮನ ಕಡೆ ಹೆಸರು ಚೆನ್ನಾಗೇ ಇದೆ," ಎಂದ. "ಚಿಕ್ಕದು. ಸಹಿ ಹಾಕೋಕೆ ಇಂಕು ಉಳಿಯುತ್ತೆ."

ಅವನು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈದರೆ ತಿರುಗಿ ಮಾತಾಡಬಹುದು. ತಾತ ಪುಸ್ತಕ ಮುಚ್ಚಿಟ್ಟು, ಟೀ ಲೋಟವನ್ನು ಸಿಂಕಿನಲ್ಲಿಟ್ಟು, ಕೋಟು ಹುಡುಕತೊಡಗಿದ.

"ಮರಿ ತೊಳೀಬೇಕಲ್ಲ. ಬೂಟು ಹಾಕ್ಕೋ."

"ಅಂಗಳದಲ್ಲಿ ಪೈಪ್ ಇದೆಯಲ್ಲ."

"ಇದೆ," ಎಂದ ತಾತ, ಆಗಲೇ ಹೊರಗೆ ನಡೆಯುತ್ತ.

ಮೇಬಲ್ ಬಟನ್‌ನ ಹಗ್ಗ ಹಿಡಿದು ಅವನ ಹಿಂದೆ ಹೋದಳು. ಗೋಡೆ ದಾಟಿ, ಜೌಗು ದಾಟಿ, ಇಳಿಜಾರಿನಲ್ಲಿ ಕಣಿವೆಯ ತಳಕ್ಕೆ. ಅಲ್ಲಿ ಬಂಡೆಯ ಸಂದಿಯಿಂದ ಒಂದು ಊಟೆ ಹೊರಟು ಝರಿಯಾಗುತ್ತದೆ. ಝರಿಗೆ ಅಡ್ಡವಾಗಿ ಯಾವ ಕಾಲದಲ್ಲೋ ಕಟ್ಟಿದ ಕಲ್ಲಿನ ಗೋಡೆ. ಗೋಡೆಯ ಹಿಂದೆ ಸೊಂಟ ಮುಳುಗುವಷ್ಟು ನೀರು. ಮೇಬಲ್ ಇಲ್ಲಿ ನೂರು ಸಲ ಕಪ್ಪೆ ಹಿಡಿದಿದ್ದಳು. ಈ ಗೋಡೆ ಯಾಕಿದೆ ಎಂದು ಒಂದು ಸಲವೂ ಕೇಳಿರಲಿಲ್ಲ.

ತಾತ ಬೂಟಿನ ಸಮೇತ ನೀರಿಗೆ ಇಳಿದ. "ಕೊಡು ಇಲ್ಲಿ."

"ತಾತ, ನೀರು ತಣ್ಣಗಿದೆ."

"ನಾನ್ನೂರು ವರ್ಷದಿಂದಲೂ ತಣ್ಣಗೇ ಇದೆ. ನನ್ನ ತಾತ ಇಲ್ಲೇ ನಿಂತ್ಕೊಳ್ತಿದ್ದ. ಉಣ್ಣೆ ಕತ್ತರಿಸೋಕೆ ಹತ್ತು ದಿನ ಮುಂಚೆ ಸುತ್ತಲಿನ ಮನೆಯವರೆಲ್ಲ ಮಂದೆ ಹೊಡ್ಕೊಂಡು ಬರೋರು. ಅಲ್ಲೊಬ್ಬ, ಇಲ್ಲೊಬ್ಬ, ಆ ಕಡೆ ಒಬ್ಬ. ಕೈಯಿಂದ ಕೈಗೆ ಕುರಿ. ಆ ತುದೀಲಿ ಕೊಳಕಾಗಿ ಇಳಿದದ್ದು ಈ ತುದೀಲಿ ಮೋಡದ ಹಾಗೆ ಹತ್ತಿ ಹೋಗೋದು."

ಬಟನ್ ನೀರು ಕಂಡು ಒದ್ದಾಡಿತು. ಮೇಬಲ್ ತಾನೂ ಇಳಿದಳು. ಬೂಟಿನೊಳಗೆ ನೀರು ನುಗ್ಗಿದಾಗ ಉಸಿರು ನಿಂತ ಹಾಗಾಯಿತು. ಇಬ್ಬರೂ ಸೇರಿ ಮರಿಯ ಹೊಟ್ಟೆ ಹಿಡಿದು ಉಜ್ಜತೊಡಗಿದರು.

"ಹಳೇ ಕಾಲದ ಮಾತಲ್ಲಿ ಕುರೀಗೆ ಷೆಪ್ ಅನ್ನೋರು," ಎಂದ ತಾತ, ಉಜ್ಜುತ್ತಲೇ. "ಊಟೆಗೆ ವೆಲ್ಲ. ಕಣಿವೆಯ ತಳಕ್ಕೆ ಬಾಥಮ್. ಮೂರನ್ನೂ ಸೇರಿಸಿ ಬೇಗ ಬೇಗ ಹೇಳು."

"ಷೆಪ್-ವೆಲ್ಲ-ಬಾಥಮ್."

"ಇನ್ನೂ ಬೇಗ."

"ಷೆಪ್‌ವೆಲ್‌ಬಾಥಮ್. ಶೆಫ್ಲ್‌ಬಾಟಮ್." ಮೇಬಲ್ ಕೈ ನಿಂತಿತು.

"ನಮ್ಮ ಕಡೆಯವರ ನಾಲಿಗೆ ಸೋಮಾರಿ, ಮರಿ. ಏಳೆಂಟು ನೂರು ವರ್ಷ ಅದೇ ಹೆಸರನ್ನ ಹೇಳಿ ಹೇಳಿ ಸವೆಸಿಬಿಟ್ರು. ಕುರಿ ಊಟೆಯ ಕಣಿವೆ. ಅಲ್ಲಿಂದ ಬಂದವನು ಅಂತ ಒಬ್ಬನನ್ನ ಯಾರೋ ಕೂಗಿದ್ರು. ಅವನು ಓ ಅಂದ. ಅಷ್ಟೇ ಕತೆ."

"ಆ ಊಟೆ ಇದೇನಾ?"

ತಾತ ಯೋಚಿಸಿದ. "ಇದೇ ಅಂತ ಪ್ರಮಾಣ ಮಾಡಲ್ಲ. ಇಂಥ ಕಣಿವೆ ಲ್ಯಾಂಕಶೈರ್ ತುಂಬ ಇವೆ. ಆದ್ರೆ ಇದಲ್ಲ ಅಂತ ಹೇಳೋಕೂ ಯಾರೂ ಬಂದಿಲ್ಲ."

"ಅಂದ್ರೆ ಕುಂಡೆ ಅಲ್ಲ."

"ತಳ. ನಿಂತಿದ್ದೀಯಲ್ಲ, ಅದೇ."

ಮೇಬಲ್ ಕೆಳಗೆ ನೋಡಿದಳು. ನೀರಿನಡಿ ಅವಳ ಕೆಂಪು ಬೂಟು, ಅದರಡಿ ಕಲ್ಲು.

"ನಾವು ಎಷ್ಟು ಜನ ಇದ್ದೀವಿ ತಾತ?"

"ನಾನು ಹುಡುಗ ಆಗಿದ್ದಾಗ ಟೆಲಿಫೋನ್ ಪುಸ್ತಕದಲ್ಲಿ ಒಂದು ಇಡೀ ಸಾಲು ಇದ್ವಿ, ಮೇಲಿಂದ ಕೆಳಗೆ. ಈಗ ಚರ್ಚಿನ ಹಿತ್ತಲಿಗೆ ಹೋಗಿ ನೋಡು. ನಮ್ಮವರು ನೆಲದ ಮೇಲಿರೋದಕ್ಕಿಂತ ನೆಲದ ಕೆಳಗೇ ಜಾಸ್ತಿ. ಉಳಿದವರಲ್ಲಿ ಕೆಲವರು ಹೆಸರು ಬದಲಾಯಿಸಿಕೊಂಡ್ರು. ನನ್ನ ತಮ್ಮ ವಿಲ್ಫ್ ಬೋಲ್ಟನ್‌ಗೆ ಹೋದೋನು ಅಲ್ಲಿ ಶಫಲ್-ಬೋ-ಥಾಮ್ ಆಗಿಬಿಟ್ಟ. ಕ್ರಿಸ್‌ಮಸ್ ಕಾರ್ಡಲ್ಲೂ ಹಾಗೇ ಬರೀತಾನೆ. ಅವನ ಪ್ಯಾಂಟಿಗೆ ನಾನೇ ತೇಪೆ ಹಾಕ್ತಿದ್ದೆ, ಆಗ ಇನ್ನೂ ಬಾಟಮ್ಮೇ ಇತ್ತು."

ಮೇಬಲ್ ನಕ್ಕುಬಿಟ್ಟಳು. ಬಟನ್ ಮೈ ಕೊಡವಿ ಇಬ್ಬರ ಮುಖಕ್ಕೂ ನೀರೆರಚಿತು.

"ದಿನಾ ನಗ್ತಾರೆ ತಾತ," ಎಂದಳು ಮೆಲ್ಲಗೆ. "ಜಾಶ್ ವಾಕರ್ ಬೆಂಚಿನ ಮೇಲೆ ಎಳೆದಾಡ್ತಾನೆ."

"ವಾಕರಾ?" ತಾತ ಗಡ್ಡ ಒರೆಸಿಕೊಂಡ. "ನಾವು ತೊಳೆದ ಉಣ್ಣೆ ಎಲ್ಲಿಗೆ ಹೋಗ್ತಿತ್ತು ಗೊತ್ತಾ? ನೇಯೋರ ಮನೆಗೆ. ನೇಯೋರಿಂದ ವಾಕರ್‌ಗಳ ತೊಟ್ಟಿಗೆ. ಬಟ್ಟೆ ಬಿಗಿ ಆಗಲಿ ಅಂತ ಅವರು ಬರಿಗಾಲಲ್ಲಿ ಅದರ ಮೇಲೆ ನಡೆಯೋರು, ದಿನವಿಡೀ. ನಡೆಯೋರು, ವಾಕರ್. ತೊಟ್ಟೀಲಿ ಬರೀ ನೀರಿರ್ತಿರಲಿಲ್ಲ."

"ಮತ್ತೇನು?"

ತಾತ ಅತ್ತಿತ್ತ ನೋಡಿ, ಕುರಿಗೂ ಕೇಳದ ಹಾಗೆ ಅವಳ ಕಿವಿಯಲ್ಲಿ ಹೇಳಿದ.

ಮರಳಿ ಹತ್ತುವಾಗ ಬೂಟು ಪಚಪಚ ಎನ್ನುತ್ತಿತ್ತು. ಪಟ್ಟಿಯ ಮಾತನ್ನು ತಾತ ಮತ್ತೆ ಎತ್ತಲಿಲ್ಲ. ಗೋಡೆ ದಾಟುವಾಗ ಮಾತ್ರ ಅವಳ ಕೈ ಹಿಡಿದ.

*

ಶನಿವಾರ ಹುಲ್ಲು ಒದ್ದೆಯಾಗಿತ್ತು. ಟೀ ಗುಡಾರದಿಂದ ಬೆಣ್ಣೆಯ, ಮಾಂಸದ ಕಡುಬಿನ ವಾಸನೆ. ಕಂಬದ ಮೇಲಿನ ಮೈಕು ಯಾರದೋ ಟಗರಿನ ಹೆಸರು ಹೇಳಿ ಕೆಮ್ಮಿತು.

ಮಕ್ಕಳ ವಿಭಾಗದ ಬಾಗಿಲಲ್ಲಿ, ಮೈಕಿನಲ್ಲಿ ಹೆಸರು ಕೂಗುವ ಮಿಸೆಸ್ ಆಗ್ಡನ್ ರಟ್ಟಿಗೆ ಪಟ್ಟಿ ಸಿಕ್ಕಿಸಿಕೊಂಡು ನಿಂತಿದ್ದರು. ಒಳಗೆ ಹೋಗುವ ಪ್ರತಿ ಮರಿಯ ಕಿವಿಗೆ ಚುಚ್ಚಿದ ಬಿಲ್ಲೆಯಲ್ಲಿದ್ದ ಮಂದೆಯ ನಂಬರನ್ನೂ ಓದಿ ನೋಡುತ್ತಿದ್ದರು.

"ಮೇಬಲ್ ಗ್ರೇ," ಎಂದರು. ಬಟನ್ ಕಿವಿ ಹಿಡಿದು ನಂಬರ್ ನೋಡಿದರು, ಪಟ್ಟಿ ನೋಡಿದರು, ಮತ್ತೆ ಕಿವಿ ನೋಡಿದರು. "ಇದು ಗ್ರೇ ಮಂದೆಯ ಮರಿ ಅಲ್ಲವಲ್ಲಮ್ಮ. ಇದು ಶಫಲ್‌ಬಾಟಮ್ ಮಂದೆಯದು. ಮಕ್ಕಳು ತಮ್ಮ ಮನೆಯ ಮರೀನೇ ತರಬೇಕು. ಬೇರೆಯವರ ಮರಿ ತಂದ್ರೆ ಒಳಗೆ ಬಿಡೋ ಹಾಗಿಲ್ಲ."

ಬೇಲಿಯ ಪಕ್ಕ ಹುಲ್ಲಿನ ಪೆಂಡಿಯ ಮೇಲೆ ಜಾಶ್ ಕೂತಿದ್ದ. ಕೈಯಲ್ಲಿ ಅರ್ಧ ತಿಂದ ಕಡುಬು. ಅವನ ಕಿವಿ ನೆಟ್ಟಗಾಯಿತು.

"ಇದು ನಮ್ಮ ಮನೆಯದೇ," ಎಂದಳು ಮೇಬಲ್. "ನಾನು ಶಫಲ್‌ಬಾಟಮ್."

"ಮತ್ತೆ ಈ ಗ್ರೇ ಯಾರು?"

"ಯಾರೂ ಇಲ್ಲ. ನಾನು ತಪ್ಪು ಬರೆದೆ."

ಹಿಂದಿನಿಂದ ಕಿಸಕ್ಕೆಂದು ನಗು. ಜಾಶ್ ಪೆಂಡಿಯ ಮೇಲೆ ಕುಂಡೆ ಎಳೆದುಕೊಂಡು ಸರಿಯುತ್ತಿದ್ದ. ಹುಲ್ಲು ಚುಚ್ಚಿದ್ದಕ್ಕೆ ಮುಖ ಹಿಂಡಿದರೂ ನಿಲ್ಲಿಸಲಿಲ್ಲ.

ಮೇಬಲ್ ತಿರುಗಿದಳು. "ನಿಮ್ಮ ಮನೆಯವರು ಉಚ್ಚೆ ತುಳೀತಿದ್ರು."

ಜಾಶ್ ಸರಿಯುವುದನ್ನು ನಿಲ್ಲಿಸಿದ. "ಏನು?"

"ವಾಕರ್ ಅಂದ್ರೆ ಅದೇ. ತೊಟ್ಟಿ ತುಂಬ ಹಳೇ ಉಚ್ಚೆ, ಅದರಲ್ಲಿ ಬಟ್ಟೆ. ಬರಿಗಾಲಲ್ಲಿ ಇಡೀ ದಿನ ತುಳಿಯೋರು. ಊರವರೆಲ್ಲ ಬಕೆಟ್ಟಲ್ಲಿ ತಂದು ಕೊಡ್ತಿದ್ರು. ಬೇಕಿದ್ರೆ ನಮ್ಮ ತಾತನ್ನ ಕೇಳು."

ಅವನ ಮುಖ ಕೆಂಪಾಗುತ್ತದೆ ಎಂದು ಅವಳು ಕಾದಳು. ಆಗಲಿಲ್ಲ. ಕಣ್ಣು ಮಾತ್ರ ದೊಡ್ಡದಾಗುತ್ತಾ ಹೋಯಿತು.

"ನಿಜವಾಗ್ಲೂ ಉಚ್ಚೆನಾ?"

"ನಿಜವಾಗ್ಲೂ."

"ಎಲ್ಲಿವರೆಗೆ? ಮೊಣಕಾಲಿನವರೆಗಾ?"

"ಇರಬಹುದು."

ಜಾಶ್ ಕಡುಬನ್ನು ಪೆಂಡಿಯ ಮೇಲೇ ಬಿಟ್ಟು ಟೀ ಗುಡಾರದ ಕಡೆ ಓಡಿದ. "ಅಮ್ಮಾ, ನಾವು ಯಾರು ಗೊತ್ತಾ, ಅಮ್ಮಾ" ಎಂಬ ಅವನ ದನಿ ಗುಡಾರದೊಳಗಿಂದಲೂ ಕೇಳುತ್ತಿತ್ತು. ಅಷ್ಟೊಂದು ಹೆಮ್ಮೆಯ ದನಿಯನ್ನು ಮೇಬಲ್ ಅವನಿಂದ ಯಾವತ್ತೂ ಕೇಳಿರಲಿಲ್ಲ. ಅವನು ಬಿಟ್ಟುಹೋದ ಕಡುಬನ್ನು ಬಟನ್ ಮೂಸಿ ನೋಡಿತು.

ಮಿಸೆಸ್ ಆಗ್ಡನ್ ಕೆಮ್ಮಿದ ಹಾಗೆ ಮಾಡಿ ನಗು ನುಂಗಿದರು. ಗ್ರೇ ಎಂಬುದರ ಮೇಲೆ ಗೆರೆ ಎಳೆದು ರಟ್ಟನ್ನೂ ಪೆನ್ನನ್ನೂ ಮೇಬಲ್ ಕೈಗೆ ಕೊಟ್ಟರು. "ನೀನೇ ಬರಿ. ಅದರಲ್ಲಿ ಎಷ್ಟು ಎಫ್ ಬರುತ್ತೋ ನನಗೆ ನೆನಪಿರಲ್ಲ."

"ಎರಡು."

ಇಲ್ಲೂ ಹನ್ನೆರಡೇ ಚೌಕ. ಮೇಬಲ್ ಅಕ್ಷರಗಳನ್ನು ಕುಗ್ಗಿಸಲಿಲ್ಲ. ಒಂದೊಂದಾಗಿ ತುಂಬುತ್ತ ಹೋದಳು. ಕೊನೆಯ ಅಕ್ಷರಕ್ಕೆ ಜಾಗ ಮುಗಿದಾಗ ಅದನ್ನು ಚೌಕದ ಹೊರಗೆ, ಉಳಿದೆಲ್ಲಕ್ಕಿಂತ ದಪ್ಪಗೆ ಬರೆದಳು.

ಬೇಲಿಯ ಆಚೆ ಬದಿಯಲ್ಲಿ ತಾತ ನಿಂತಿದ್ದ. ಹೊಸ ಟೋಪಿ, ಅದೇ ಹಳೇ ಕೋಟು. ಅವನು ಈ ಕಡೆ ನೋಡದೆ ಪಟ್ಟಿಯ ಪುಸ್ತಕವನ್ನು ನೋಡುತ್ತಿದ್ದ. ಪುಸ್ತಕ ತಲೆಕೆಳಗಾಗಿತ್ತು.

ಮಿಸೆಸ್ ಆಗ್ಡನ್ ಮೈಕಿನ ಕಡೆ ಹೊರಟವರು ಎರಡು ಹೆಜ್ಜೆ ಇಟ್ಟು ವಾಪಸು ಬಂದರು. ಮೇಬಲ್ ಎತ್ತರಕ್ಕೆ ಬಗ್ಗಿದರು.

"ನೋಡು ಪುಟ್ಟಿ," ಎಂದರು, ಬೇರೆ ಯಾರಿಗೂ ಕೇಳದ ಹಾಗೆ. "ಜನ ಜಾಸ್ತಿ ಇದ್ದಾರೆ. ಹೊರಗಿನವರೂ ಬಂದಿದ್ದಾರೆ, ನಗ್ತಾರೆ. ನಾನು ಮೈಕಲ್ಲಿ ಬರೀ ಮೇಬಲ್ ಅಂತೀನಿ. ಇಲ್ಲ ಅಂದ್ರೆ ಶಫಲ್-ಬೋ-ಥಾಮ್ ಅಂತ ಸ್ವಲ್ಪ ನಾಜೂಕಾಗಿ ಎಳೀತೀನಿ. ಯಾರಿಗೂ ಗೊತ್ತಾಗಲ್ಲ. ಆಗಬಹುದಾ?"

ಮೇಬಲ್ ಬಟನ್ ಹಗ್ಗವನ್ನು ಕೈಗೆ ಒಂದು ಸುತ್ತು ಸುತ್ತಿಕೊಂಡಳು.

"ಬೇಡ," ಎಂದಳು.