ಒಂದೇ ಗಾಡಿಯ ಗಂಡ ಹೆಂಡತಿ

ಕಸದ ಗಾಡಿಯ ಬಾಗಿಲು ತೆಗೆದವಳು, ಒಂದು ಕಾಲು ಮೆಟ್ಟಿಲ ಮೇಲಿಟ್ಟು ಹಾಗೇ ನಿಂತುಬಿಟ್ಟಳು. ಸ್ಟೇರಿಂಗ್ ಹಿಡಿದು ಕೂತಿದ್ದವನು ಅವಳ ಗಂಡ!

ಗಂಡ ಅನ್ನಬೇಕೋ, ಗಂಡನಾಗಿದ್ದವನು ಅನ್ನಬೇಕೋ... ಅವಳು ಅವನನ್ನು ಬಿಟ್ಟು ಅಕ್ಕನ ಮನೆ ಸೇರಿ ವರ್ಷವಾಗುತ್ತ ಬಂದಿತ್ತು.

"ಹತ್ತಮ್ಮಾ ತೋಟದಕ್ಕ," ಎಂದ ಮೇಸ್ತ್ರಿ, ಇಷ್ಟು ದಿನ ಪಾರ್ಕಿನ ಗಿಡ ನೋಡಿಕೊಳ್ಳುತ್ತಿದ್ದ ಅವಳಿಗೆ. "ಇನ್ಮೇಲೆ ಪಾರ್ಕಿನೋರು, ಕಸದೋರು ಅಂತ ಬೇರೆ ಇಲ್ಲ. ನಗರಸಭೆ ಎರಡೂ ಒಂದು ಮಾಡಿದೆ. ಬೆಳಿಗ್ಗೆ ಮನೆಮನೆ ಕಸ, ಮಧ್ಯಾಹ್ನ ಪಾರ್ಕು. ಎರಡಕ್ಕೂ ಇದೇ ಗಾಡಿ, ಇದೇ ಜನ."

"ನನಗೆ ಬೇರೆ ಗಾಡಿ ಕೊಡಿ."

ಮೇಸ್ತ್ರಿ ಇಬ್ಬರನ್ನೂ ನೋಡಿ ತಲೆ ಕೆರೆದುಕೊಂಡ. ಮೇಜಿನ ಮುಂದೆ ಕೂತು ಜನರನ್ನು ಹಂಚುವವರಿಗೆ ಗಂಡ ಹೆಂಡಿರ ಸಂಕಟ ಎಲ್ಲಿ ಗೊತ್ತಾಗಬೇಕು?

"ಇವತ್ತೊಂದಿನ ಹೋಗು. ಸಂಜೆ ಹೇಳಿದ್ರೆ ಹೊಳೆಯಾಚೆ ಗಾಡಿಗೆ ಹಾಕ್ತೀನಿ. ಆದ್ರೆ ಅಲ್ಲಿಗೆ ಹೋದ್ಮೇಲೆ ಮತ್ತೆ ಈ ಕಡೆ ಬರೋ ಹಾಗಿಲ್ಲ, ಯೋಚನೆ ಮಾಡು."

ಯೋಚನೆ ಮಾಡೋಕೇನಿದೆ, ನನಗೆ ಬೇಕಾಗಿರೋದೂ ಅದೇ... ಎಂದುಕೊಂಡು ಹತ್ತಿದಳು.

ಅವರಿಗೊಬ್ಬಳು ಮಗಳಿದ್ದಳು. ಪುಟ್ಟಿ. ಇನ್ನೂ ಅಂಬೆಗಾಲಿಡದ ಕೂಸು, ಜ್ವರ ಬಂದು ಹೋಗಿಬಿಟ್ಟಿತು. ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ಆದರೆ ಮಣ್ಣು ಮಾಡಿ ಬಂದ ವಾರದಲ್ಲೇ ಒಂದು ಬೆಳಿಗ್ಗೆ ಅವಳು ಎದ್ದು ನೋಡಿದರೆ ತೊಟ್ಟಿಲು ಇಲ್ಲ!

"ಕಸದ ಗಾಡಿಗೆ ಹಾಕಿದೆ," ಎಂದಿದ್ದ ಅವನು. ಅಷ್ಟೇ. ಕಣ್ಣಲ್ಲಿ ಒಂದು ಹನಿ ನೀರಿಲ್ಲ.

ಅವಳೋ, ಒಣಗಿದ ಗಿಡವನ್ನೂ ಒಂದು ಮಳೆಗಾಲ ಕಾಯದೆ ಕೀಳುವವಳಲ್ಲ. ಇವನು ಹೆತ್ತ ಮಗಳನ್ನೇ ಗುಡಿಸಿ ಹಾಕಿದನಲ್ಲ ಎಂದು ಅವಳ ಕರುಳು ಕಿತ್ತು ಬಂತು. ಅಂದೇ ಮನೆ ಬಿಟ್ಟಿದ್ದಳು.

ಗಾಡಿ ಬೀದಿ ಬೀದಿ ಸುತ್ತಿತು. ಅವಳು ಬುಟ್ಟಿ ಎತ್ತಿ ಸುರಿದಳು, ಅವನು ಗಾಡಿ ಓಡಿಸಿದ.

"ದಿನಾ ಬರ್ತಿದ್ದೋರು ಈಗ ವಾರಕ್ಕೆ ಎರಡೇ ಸಲ ಅಂದ್ರೆ, ಈ ನಾತ ಯಾರಪ್ಪಾ ತಡ್ಕೊಳ್ಳೋದು?" ಎಂದು ಒಬ್ಬ ಅಜ್ಜಿ ತರಾಟೆಗೆ ತೆಗೆದುಕೊಂಡಳು.

"ನಗರಸಭೇನ ಕೇಳಿ ಅಜ್ಜಿ, ನಾವು ಬರೀ ಎತ್ತೋರು," ಎಂದ ಅವನು. ಧ್ವನಿ ಎಷ್ಟು ಸೋತಿದೆ... ಎಂದು ಅವಳಿಗೆ ಅನಿಸಿತು. ತಕ್ಷಣ ತನ್ನನ್ನೇ ಗದರಿಕೊಂಡಳು.

ಕೊನೆಯ ಬೀದಿಯಲ್ಲಿ ಹೆಂಗಸೊಬ್ಬಳು ಮರದ ತೊಟ್ಟಿಲೊಂದನ್ನು ಗೇಟಿನಾಚೆ ಎಳೆದು ತಂದಳು.

"ದೊಡ್ಡ ಸಾಮಾನಿಗೆ ತಿಂಗಳಿಗೊಂದೇ ದಿನ, ಅದೂ ಇವತ್ತೇ ಅಂದ್ರು. ಹುಳ ಹಿಡಿದಿದೆ, ಯಾರಿಗೂ ಕೊಡೋ ಹಾಗಿಲ್ಲ. ತಗೊಂಡು ಹೋಗಿ," ಎಂದು ಒಳಗೆ ಹೋಗಿಬಿಟ್ಟಳು.

ಇವಳು ಎತ್ತಿದ್ದ ಬುಟ್ಟಿಯನ್ನು ಹಾಗೇ ಕೆಳಗಿಟ್ಟಳು. ಅವನು ಕೆಳಗಿಳಿದು ಬಂದ. ಅವಳಿಗೆ ಅದನ್ನು ಮುಟ್ಟಲು ಬಿಡದೆ ಒಬ್ಬನೇ ಎತ್ತಿ ಗಾಡಿಯ ಹಿಂಬದಿಗೆ ಇಟ್ಟ. ಕಸ ಅರೆಯುವ ಲಿವರಿನ ಮೇಲೆ ಕೈ ಇಟ್ಟ.

ಕೈ ಅಲ್ಲಾಡಲಿಲ್ಲ.

"ನನ್ನ ಕೈಲಾಗಲ್ಲ," ಎಂದ.

"ಅವತ್ತು ಆಯ್ತಲ್ಲ!"

ಅವನು ತೊಟ್ಟಿಲ ಕಡೆ ನೋಡಿದ.

"ಅವತ್ತು... ನೀನು ನಿದ್ದೆಗಣ್ಣಲ್ಲೇ ಎದ್ದು ಖಾಲಿ ತೊಟ್ಟಿಲು ತೂಗ್ತಿದ್ದೆ. ಕರೆದ್ರೆ, ಶ್... ಮಗು ಏಳುತ್ತೆ ಅಂತಿದ್ದೆ. ನಿನಗೆ ನೆನಪಿಲ್ಲ, ಅಲ್ವಾ?"

ಅವಳಿಗೆ ನಿಜಕ್ಕೂ ನೆನಪಿರಲಿಲ್ಲ.

"ಮಗು ಹೋಯ್ತು, ನೀನೂ ಕೈ ಬಿಟ್ಟು ಹೋಗ್ತೀಯ ಅಂತ ಹೆದರಿದೆ. ನನಗೆ ಗೊತ್ತಿರೋದು ಒಂದೇ ಕೆಲಸ, ಮನೆಯಿಂದ ಆಚೆ ಸಾಗಿಸೋದು. ಬೇರೆಯವರ ಕೈಗೆ ಕೊಡೋಕೆ ಮನಸು ಬರಲಿಲ್ಲ. ನಾನೇ ಹಾಕಿ, ನಾನೇ ಲಿವರ್ ಎಳೆದೆ. ಆ ಮರ ಮುರಿಯೋ ಶಬ್ದ... ಇವತ್ತಿಗೂ ಕಿವಿ ಬಿಟ್ಟಿಲ್ಲ ಕಣೇ."

"ಯಾಕೆ ಹೇಳಲಿಲ್ಲ?"

"ನಿನಗೆ ತಲೆ ಕೆಟ್ಟಿತ್ತು ಅಂತ ನಾನು ಹೇಗೆ ಹೇಳಲಿ? ನನ್ನ ಮೇಲಿನ ಸಿಟ್ಟಲ್ಲಾದ್ರೂ ನೀನು ಬದುಕಿರು ಅಂದ್ಕೊಂಡೆ."

ಒಂದು ವರ್ಷ ಇವನನ್ನು ಕಲ್ಲು ಎಂದು ಬೈದದ್ದೆಲ್ಲ ತಿರುಗಿ ಅವಳ ಎದೆಗೇ ಬಡಿಯಿತು.

"ನನ್ನನ್ನ ಒಂದು ಮಾತು ಕೇಳಬೇಕಿತ್ತು ರೀ."

"ಕೇಳಬೇಕಿತ್ತು. ತಪ್ಪಾಯ್ತು."

ಅವಳು ಹತ್ತಿರ ಬಂದು, ಲಿವರಿನ ಮೇಲಿದ್ದ ಅವನ ಕೈ ಮೇಲೆ ತನ್ನ ಕೈ ಇಟ್ಟಳು. "ಈ ಸಲ ಆ ಶಬ್ದ ನೀವೊಬ್ಬರೇ ಕೇಳಬೇಡಿ," ಎಂದಳು.

ಇಬ್ಬರೂ ಸೇರಿ ಎಳೆದರು. ಮರ ಮುರಿಯಿತು. ಅವಳು ಕಿವಿ ಮುಚ್ಚಿಕೊಳ್ಳಲಿಲ್ಲ. ಶಬ್ದ ಪೂರ್ತಿ ನಿಲ್ಲುವವರೆಗೂ ಅವನ ಕೈ ಬಿಡಲಿಲ್ಲ.

ಸಂಜೆ ಮೇಸ್ತ್ರಿ ಗೇಟಿನಲ್ಲೇ ಕಾದಿದ್ದ. "ಏನು ತೋಟದಕ್ಕ, ಹೊಳೆಯಾಚೆಗೆ ಹಾಕಲಾ?"

"ಬೇಡ. ಇದೇ ಗಾಡಿ ಇರಲಿ."

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ, ನಿಮ್ಮದು ಕಸ ಎತ್ತೋ ತನಕ..." ಎಂದು ನಗಲು ಹೊರಟವನು, ಅವರ ಮುಖ ನೋಡಿ ಗೇಟು ತೆರೆಯಲು ಹೋದ.

ಗಾಡಿಯೊಳಗೆ ಇಬ್ಬರೇ ಉಳಿದರು.

"ಮನೆಗೆ ಬರ್ತೀಯಾ?" ಎಂದು ಕೇಳಿದ, ಅವಳ ಕಡೆ ನೋಡದೆ.

"ಬರ್ತೀನಿ. ಆದ್ರೆ ಅಲ್ಲಿ ನಾನೊಬ್ಬಳೇ ಅಳಲ್ಲ."

"ನಾನು ಶುರು ಮಾಡಿದ್ರೆ ನಿಲ್ಲಲ್ಲ ಕಣೇ. ಅದಕ್ಕೇ..."

"ನಿಲ್ಲದಿದ್ರೆ ಬಿಡಿ. ನಾನು ಪಕ್ಕದಲ್ಲಿರ್ತೀನಲ್ಲ."

ಮತ್ತೆ ಅವಳೇ ಅಂದಳು, "ಪುಟ್ಟಿಗೆ ನಿಮ್ಮದೇ ಮೂಗು ಇತ್ತು, ಗೊತ್ತಾ?"

"ಗೊತ್ತು. ಕಿವಿ ಮಾತ್ರ ನಿಂದು..." ಎಂದ ಅವನು. ಮಾತು ಮುಗಿಯುವ ಮೊದಲೇ ಅವನಿಗೆ ಅಳು ಬಂತು.